ಎಡಗೈ ಕಡೆಯ ಊರು

ಬೊಗೊಟಾ
9 ಫೆಬ್ರವರಿ 2004

ಡೊಮಿತಿಲಕ್ಕ,

ನಾಲ್ಕು ವರ್ಷದ ಮೇಲೆ ನನ್ನ ಕೈಬರಹ ಕಂಡು ನೀನು ಈ ಕಾಗದವನ್ನು ಒಲೆಗೆ ಹಾಕುವವಳೇ. ಹಾಕುವ ಮುಂಚೆ ಒಂದು ಸಾಲು ಓದು: ನಮ್ಮ ನದಿಯ ಮೇಲೆ ವಿಷ ಚೆಲ್ಲುವ ವಿಮಾನಗಳು ಬರುತ್ತಿವೆ. ಮೇ ತಿಂಗಳ ಎರಡನೇ ವಾರ.

ಗಾಳಿಸುದ್ದಿ ಅಲ್ಲ. ಆ ಕಡತ ನನ್ನ ಮೇಜಿನ ಮೇಲಿದೆ. ನಾನು ಕೆಲಸ ಮಾಡುವ ಕಚೇರಿಗೆ ನಕ್ಷೆ ಬಿಡಿಸುವ ಗುತ್ತಿಗೆ. ಕೊಕೇನ್ ತೆಗೆಯುವ ಕೋಕಾ ಬೆಳೆಯನ್ನು ವಿಷದಿಂದ ಸುಡಬೇಕಾದ ಜಾಗಗಳ ಪಟ್ಟಿ ಮೇಲಿನಿಂದ ಬರುತ್ತದೆ, ನಾವು ಕಂಪ್ಯೂಟರಿಗೆ ಉಣಿಸುತ್ತೇವೆ, ಅದು ಪರದೆಯ ಮೇಲೆ ಕೆಂಪು ತುಂಬಿ ತೋರಿಸುತ್ತದೆ. ಅದೇ ಕಡತ ಪೈಲಟ್‌ನ ಮುಂದಿನ ಪರದೆಗೂ ಹೋಗುತ್ತದೆ. ವಿಮಾನ ಕೆಂಪಿನೊಳಗೆ ಬಂದಾಗ ಕೊಳವೆಯ ಬಾಯಿ ತೆರೆಯುತ್ತದೆ, ಕೆಂಪು ಮುಗಿದಾಗ ಮುಚ್ಚುತ್ತದೆ. ಅವನು ಕೆಳಗೆ ಬಗ್ಗಿ ನೋಡಬೇಕಾದ ಅಗತ್ಯವೇ ಇಲ್ಲ.

ಕಡತದಲ್ಲಿ ಚಿತ್ರ ಇರುವುದಿಲ್ಲ ಅಕ್ಕ, ಬರೀ ಅಂಕಿ. ಮೊದಲು ಎಷ್ಟು ಚುಕ್ಕಿ ಎಂಬ ಎಣಿಕೆ, ಆಮೇಲೆ ಒಂದೊಂದು ಚುಕ್ಕಿಗೂ ಎರಡೆರಡು ಅಂಕಿ. ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದು, ಕೊನೆಗೆ ಮೊದಲ ಚುಕ್ಕಿಗೇ ತಂದು ಕಟ್ಟಿದರೆ ಅದು ಪಾಲಿಗನ್. ಊರು, ಶಾಲೆ, ಕುಡಿಯುವ ನೀರು ಇದ್ದಲ್ಲಿ ದೊಡ್ಡ ಪಾಲಿಗನ್ನಿನೊಳಗೆ ಚಿಕ್ಕದೊಂದನ್ನು ಬರೆಯುತ್ತಾರೆ. ಅದಕ್ಕೆ ನಾವಿಲ್ಲಿ ತೂತು ಎನ್ನುತ್ತೇವೆ. ತೂತಿನಲ್ಲಿ ಬಣ್ಣ ತುಂಬುವುದಿಲ್ಲ, ವಿಷವೂ ಬೀಳುವುದಿಲ್ಲ.

ನಮ್ಮ ನದಿಯ ಪಾಲಿಗನ್ನಿಗೆ ತೂತಿಲ್ಲ. ಮೇಲಿನಿಂದ ತೆಗೆದ ಚಿತ್ರದಲ್ಲಿ ನಮ್ಮ ಮನೆಗಳು ಮರದ ಕೆಳಗೆ ಅಡಗಿವೆ. ಎಲ್ ರೆಮಾನ್ಸೊ ಎಂಬ ಊರು ಇವರ ಪಾಲಿಗೆ ಇಲ್ಲವೇ ಇಲ್ಲ.

ತೂತು ಹಾಕಿಸಬೇಕಾದರೆ ಊರವರೇ ಊರಿನ ಸುತ್ತ ನಡೆದು ಚುಕ್ಕಿ ಹಿಡಿಯಬೇಕು. ಹಾಳೆಯಲ್ಲಿ ಬರೆದು, ಊರ ಮಂಡಳಿಯ ಹನ್ನೆರಡು ಜನ ಹೆಬ್ಬೆಟ್ಟು ಒತ್ತಿ ಏಪ್ರಿಲ್ ಮೂವತ್ತರೊಳಗೆ ತಲುಪಿಸಬೇಕು. ತುಮಾಕೊ ಚರ್ಚಿನ ಸಿಸ್ಟರ್ ಅಮಾಲಿಯಾ ಹತ್ತಿರ, ನಿಂತ ಜಾಗದ ಅಂಕಿ ತೋರಿಸಿ ಚುಕ್ಕಿ ಹಿಡಿಯುವ ಕೈಯಂತ್ರ ಇದೆ. ಆಕೆಯನ್ನು ಕೇಳು. ನನಗೆ ಫೋನ್ ಮಾಡಬೇಡ. ಫೋನ್ ಅಂಗಡಿಯಲ್ಲಿ ಯಾರ ಕಿವಿ ಕೂತಿರುತ್ತದೆ ಎಂದು ನಿನಗೇ ಗೊತ್ತು.

ಹೆದರಿ ಬರೆಯುತ್ತಿರುವ
ಎಲಿಯೆಸೆರ್

—

ಎಲ್ ರೆಮಾನ್ಸೊ
26 ಫೆಬ್ರವರಿ

ಎಲಿಯೆಸೆರ್,

ಒಲೆಗೆ ಹಾಕಲಿಲ್ಲ. ಒಲೆ ಆರಿತ್ತು.

ಅಮ್ಮ ಸತ್ತಾಗ ಒಂಬತ್ತು ದಿನ ದೋಣಿಕಟ್ಟೆಯ ಕಡೆ ಕಣ್ಣು ನೆಟ್ಟು ಕೂತಿದ್ದೆವು. ಒಂಬತ್ತನೆಯ ದಿನ ಅವಳ ಹೆಸರಿನ ಪೀಠವನ್ನು ಬಲಗೈ ಕಡೆ ಇಟ್ಟುಕೊಂಡು ಸುತ್ತು ಬಂದು, ಹೋಗಿ ಬಾ ತಾಯಿ ಎಂದು ಕಳಿಸಿಕೊಡಬೇಕಾದವರು ಹೆತ್ತ ಮಕ್ಕಳು. ನಾನೊಬ್ಬಳೇ ಬಂದೆ. ನಿನ್ನ ಸುತ್ತು ಇವತ್ತಿಗೂ ಬಾಕಿ. ಇದನ್ನು ಮೊದಲು ಬರೆಯದೆ ಬೇರೆ ಬರೆಯಲು ನನ್ನ ಕೈ ಒಪ್ಪಲಿಲ್ಲ.

ಇನ್ನು ನಿನ್ನ ತೂತಿನ ವಿಚಾರ. ಇಲ್ಲಿ ನೂರಾ ಎಂಬತ್ತು ಜನ ಉಸಿರಾಡುತ್ತೇವೆ. ನಾವು ಇದ್ದೇವೆ ಎಂದು ನಾವು ಸಾಬೀತು ಮಾಡಬೇಕು. ಇಲ್ಲ ಎಂದವನು ಏನನ್ನೂ ಸಾಬೀತು ಮಾಡಬೇಕಿಲ್ಲ. ಮೇಲಿನ ಕೊರಕಲಿನಲ್ಲಿ ಕೋಕಾ ಇಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಇದೆ. ಬೆಳೆಸುವವರು ಬೂಟಿನವರು, ಹೆಗಲಿಗೆ ಬಂದೂಕು ಇರುವವರು. ವಿಷ ಬಿದ್ದ ದಿನ ಅವರು ದೋಣಿ ಹತ್ತಿ ಹೋಗುತ್ತಾರೆ. ನಮ್ಮ ಬಾಳೆಗೆ ದೋಣಿ ಹತ್ತಲು ಬರುವುದಿಲ್ಲ.

ಹೋದ ವರ್ಷ ಮೇಲಿನ ಕಾರ್ಮೆನ್ ಊರಿನ ಮೇಲೆ ಚೆಲ್ಲಿದರು. ಮೂರೇ ದಿನಕ್ಕೆ ಬಾಳೆ ಸುಟ್ಟ ಚರ್ಮದ ಹಾಗೆ ಕಪ್ಪಾಗಿ ಜೋತುಬಿತ್ತು. ಮೀನು ಹೊಟ್ಟೆ ಮೇಲೆ ಮಾಡಿ ತೇಲಿಬಂದವು. ಒಬ್ಬಳ ಆರು ತಿಂಗಳ ಬಸುರು ಇಳಿದುಹೋಯಿತು. ಸೂಲಗಿತ್ತಿಯಾಗಿ ಹೋಗಿ ಕೈಯೊಡ್ಡಿದವಳು ನಾನು. ಇದರಿಂದಲೇ ಎಂದು ಯಾರು ಹೇಳಿದರು ಎಂದು ನಿನ್ನ ಕಚೇರಿಯವರು ಕೇಳುತ್ತಾರೆ. ಅಲ್ಲ ಎಂದು ಯಾರು ಹೇಳಿದರು ಎಂದು ನಾನು ಕೇಳುತ್ತೇನೆ. ಆ ಭಾರ ನನ್ನ ಅಂಗೈಯಿಂದ ಇನ್ನೂ ಇಳಿದಿಲ್ಲ.

ನಮ್ಮ ಚಿಕ್ಕಪ್ಪನ ಮೊಮ್ಮಗಳು ಲೆಯೊನಿಲಾ ಗೊತ್ತಲ್ಲ, ನೀನು ಹೋಗುವಾಗ ಮೂಗು ಸೋರಿಸಿಕೊಂಡು ಓಡಾಡುತ್ತಿದ್ದವಳು. ಅವಳಿಗೀಗ ಚೊಚ್ಚಲು. ಮೇ ತಿಂಗಳಿಗೆ ದಿನ ತುಂಬುತ್ತದೆ. ನಿನ್ನ ಕಾಗದದಲ್ಲಿ ಮೇ ಎಂದು ಓದಿದಾಗ ನನಗೆ ಹೊಳೆದದ್ದು ಅವಳ ಹೊಟ್ಟೆ.

ಸಿಸ್ಟರ್‌ಗೆ ಹೇಳಿ ಕಳಿಸಿದ್ದೇನೆ. ಯಂತ್ರ ಹಿಡಿದು ಓಡಾಡುವುದನ್ನು ಬೂಟಿನವರು ಕಂಡರೆ ಏನಾಗುತ್ತದೋ ನೋಡೋಣ.

ಡೊಮಿತಿಲಾ

—

ಎಲ್ ರೆಮಾನ್ಸೊ
17 ಮಾರ್ಚ್

ಎಲಿಯೆಸೆರ್,

ಹಾಳೆ ಇದರೊಂದಿಗಿದೆ. ನಲವತ್ತೊಂದು ಚುಕ್ಕಿ. ಹನ್ನೆರಡು ಹೆಬ್ಬೆಟ್ಟು. ದೋಣಿಕಟ್ಟೆಯಿಂದ ಹೊರಟು, ಕಾಂಡ್ಲಾ ಕಾಡಿನ ಅಂಚು, ಸ್ಮಶಾನ, ಶಾಲೆಯ ಹಿಂಭಾಗ, ಎಲ್ಲ ಬಳಸಿ ದೋಣಿಕಟ್ಟೆಗೇ ಬಂದೆವು. ಹದಿನೆಂಟು, ಹತ್ತೊಂಬತ್ತನೆಯದು ಸಣ್ಣ ತೊರೆಯಾಚೆ ಲೆಯೊನಿಲಾಳ ಮನೆಯ ಹಿಂದಿರುವ ಎರಡು ಚೊಂಟದೂರೊ ತಾಳೆಮರಗಳು. ಅವಳು ಹೊಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ನಿಂತು, ಅತ್ತೆ, ನನ್ನ ಕೋಳಿಗೂಡನ್ನೂ ಬರ್ಕೊಳ್ಳಿ, ಅಂದಳು.

ನಸಾರಿಯೊ ಅಜ್ಜ ಮುಂದೆ ನಡೆದ. ಎದೆಯ ಕಡೆ ಊರು ಇರಬೇಕು ಎಂದ. ನಾವೆಲ್ಲ ಹಾಗೇ ಅಲ್ಲವೇ ಹುಟ್ಟಿದ ಕೂಸಿನ ಸುತ್ತ, ಹೊಸ ದೋಣಿಯ ಸುತ್ತ ಬರುವುದು. ಗುಂಡಿಗೆ ಯಾವ ಕಡೆಗೋ ಪ್ರೀತಿಯ ವಸ್ತು ಆ ಕಡೆಗೆ. ದಾರಿಯುದ್ದಕ್ಕೂ ಊರು ನಮ್ಮ ಎಡಗೈಗೆ ತಾಗಿಕೊಂಡೇ ಬಂತು.

ಸ್ಮಶಾನದ ಹತ್ತಿರ ಬೂಟಿನವನೊಬ್ಬ ಎದುರಾದ. ಇನ್ನೂ ಮೀಸೆ ಬಲಿಯದವನು. ನನ್ನ ಕೈಯಿಂದ ಯಂತ್ರ ಕಿತ್ತುಕೊಂಡು, "ಏನಮ್ಮಾ ಇದು, ರೇಡಿಯೋನಾ?" ಎಂದ. ಹೊಟ್ಟೆಯೊಳಗಿನ ಕೂಸಿನ ಎದೆಬಡಿತ ಕೇಳುವ ಯಂತ್ರ, ನಾನು ಸೂಲಗಿತ್ತಿ ಎಂದೆ. ಅವನು ಅದನ್ನು ತನ್ನ ಎದೆಗೆ ಒತ್ತಿಕೊಂಡು ಕೇಳಿದ: "ನಂದು ಕೇಳುಸ್ತಾ?"

"ನಿಂದು ಕೇಳ್ಸಲ್ಲ ಮಗಾ," ಎಂದೆ. "ಬದುಕೋಕೆ ಬರ್ತಿರೋರದ್ದು ಮಾತ್ರ ಕೇಳ್ಸೋದು."

ನಕ್ಕು ವಾಪಸು ಕೊಟ್ಟ. ಅವನು ಕಣ್ಮರೆಯಾದ ಮೇಲೆ ಒಂದು ಗೋರಿಯ ಮೇಲೆ ಕೂತುಬಿಟ್ಟೆ. ಅಮ್ಮನದೇ.

ಡೊಮಿತಿಲಾ

—

ಬೊಗೊಟಾ
29 ಮಾರ್ಚ್

ಅಕ್ಕ,

ಹಾಳೆ ಬಂತು. ಅಂಕಿಗಳನ್ನು ಕಡತಕ್ಕೆ ತುಂಬಿ ಪರದೆ ತೆರೆದೆ. ಊರು ಬಿಳಿಯಾಗಿ ಕಾಣಬೇಕಿತ್ತು. ಸುತ್ತಲಿನಷ್ಟೇ ಕೆಂಪಾಗಿತ್ತು. ಕಡತ ಮುಚ್ಚಿ ಮತ್ತೆ ತೆರೆದೆ. ಕೆಂಪೇ.

ಕಂಪ್ಯೂಟರ್ ಎಂಬ ಈ ಯಂತ್ರಕ್ಕೆ ಒಳಗು ಹೊರಗು ತಿಳಿಯದು. ಅದಕ್ಕೆ ತಿಳಿದಿರುವುದು ಒಂದೇ ನಿಯಮ: ಚುಕ್ಕಿಗಳನ್ನು ಬರೆದ ಕ್ರಮದಲ್ಲೇ ಒಬ್ಬ ನಡೆದುಹೋದರೆ, ಅವನ ಎಡಗೈ ಕಡೆ ಇರುವುದೆಲ್ಲ ಕೆಂಪು. ಹೊರಗಿನ ದೊಡ್ಡ ಗೆರೆಯನ್ನು ಆ ಲೆಕ್ಕಕ್ಕೇ ಬರೆದಿರುತ್ತಾರೆ. ತೂತನ್ನು ಅದಕ್ಕೆ ತಿರುಗುಮುರುಗಾಗಿ ಬರೆಯಬೇಕು, ಗಡಿಯಾರದ ಮುಳ್ಳು ಹೋಗುವ ಕಡೆಗೆ. ಉಳಿಯಬೇಕಾದದ್ದು ಬಲಗೈಗೆ ಬರಬೇಕು. ನೀವು ಊರನ್ನು ಎದೆಯ ಕಡೆ ಇಟ್ಟುಕೊಂಡಿರಿ. ಯಂತ್ರ ಅದನ್ನು, ಇದನ್ನೂ ಸುಡಿ ಎಂದು ಓದಿಕೊಂಡಿತು.

ಇದನ್ನು ನಾನು ಮೊದಲೇ ಬರೆಯಬೇಕಿತ್ತು. ಹೊಳೆಯಲೇ ಇಲ್ಲ. ಊರು ಬಿಟ್ಟು ಅಷ್ಟು ದಿನ ಆಗಿದೆ.

ನಾನೇ ಕ್ರಮ ತಿರುಗಿಸಿ ಇಟ್ಟೆ. ಎರಡು ನಿಮಿಷದ ಕೆಲಸ. ತಪಾಸಣೆ ಮಾಡುವ ಇಂಜಿನಿಯರ್ ಬರ್ಮೂದೆಸ್ ಹಾಳೆಯನ್ನೂ ಕಡತವನ್ನೂ ಅಕ್ಕಪಕ್ಕ ಇಟ್ಟು ಹಿಡಿದ. ಕೆಟ್ಟವನಲ್ಲ, ದಿನಾ ನನಗೆ ಕಾಫಿ ತಂದುಕೊಡುವವನು. "ಹಾಳೇಲಿ ಒಂದು ಕ್ರಮ, ಕಡತದಲ್ಲಿ ಇನ್ನೊಂದು. ಇದಕ್ಕೆ ತಿದ್ದೋದು ಅಂತಾರೆ ಕಣಯ್ಯಾ. ಹಿಂಗೇ ಬೇಕು ಅಂದ್ರೆ ಹಿಂಗೇ ನಡೆದ ಹಾಳೆ ತರ್ಸು," ಎಂದ. ಅದೇ ಹಾಳೆಯನ್ನು ನೀವು ಕೆಳಗಿನಿಂದ ಮೇಲಕ್ಕೆ ನಕಲು ಮಾಡಿ ಕಳಿಸಲೂ ಆಗದು. ಸಿಸ್ಟರ್‌ರ ಕೈಯಂತ್ರ ಒಂದೊಂದು ಚುಕ್ಕಿಯ ಮುಂದೆಯೂ ಗಳಿಗೆ ಬರೆದಿಡುತ್ತದೆ, ಅದನ್ನೂ ನೋಡುತ್ತಾರೆ.

ಮತ್ತೆ ನಡೆಯಿರಿ ಅಕ್ಕ. ಊರನ್ನು ಬಲಗೈಗೆ ಇಟ್ಟುಕೊಂಡು. ನಾನು ಏನು ಕೇಳುತ್ತಿದ್ದೇನೆ ಎಂದು ನನಗೆ ಗೊತ್ತಿದೆ. ಗೊತ್ತಿದ್ದೇ ಕೇಳುತ್ತಿದ್ದೇನೆ.

ಎಲಿ

—

ಎಲ್ ರೆಮಾನ್ಸೊ
10 ಏಪ್ರಿಲ್

ಎಲಿಯೆಸೆರ್,

ಮಂಡಳಿ ಸೇರಿತ್ತು. ಆಗದು ಎಂದರು.

ನಿನ್ನ ಕಾಗದ ಓದಿ ಹೇಳಿದೆ. ಬಲಗೈ ಎಂಬ ಮಾತು ಬಂದ ಕೂಡಲೇ ಹೆಂಗಸರು ಕೈಯಿಂದ ಬಾಯಿ ಮುಚ್ಚಿಕೊಂಡರು. ಬಲಗೈ ಸುತ್ತು ಯಾರಿಗೆ ಬರುತ್ತೇವೆ? ಹೋದವರಿಗೆ. ಇನ್ನು ನಿನಗೆ ಇಲ್ಲಿ ಕೆಲಸ ಇಲ್ಲ, ತಿರುಗಿ ನೋಡದೆ ಹೋಗು ಎಂದು ಹೇಳುವ ಸುತ್ತು ಅದು. ಬದುಕಿರುವ ಊರಿನ ಸುತ್ತ, ಒಳಗೆ ಮಕ್ಕಳು ಆಡುತ್ತಿರುವಾಗ, ಒಲೆಯ ಮೇಲೆ ಮೀನು ಬೇಯುತ್ತಿರುವಾಗ, ಆ ಸುತ್ತು ಬರಬೇಕಂತೆ.

ನಸಾರಿಯೊ ಅಜ್ಜ ಎದ್ದು ನಿಂತ. ಗುಲಾಮನಾಗಿದ್ದ ಅವನ ಮುತ್ತಾತನ ಬೆನ್ನಿನ ಮೇಲೆ ಗಣಿಯ ಧಣಿ ಕಾಯಿಸಿ ಒತ್ತಿದ ಮುದ್ರೆ ಇತ್ತಂತೆ, ಆ ಕಥೆ ನಿನಗೂ ಹೇಳಿದ್ದಾನೆ. "ಆಗ ನಮ್ಮನ್ನ ಎಣಿಸಿದ್ರು, ಮಾರೋಕೆ. ಈಗ ಎಣಿಸ್ತಾನೇ ಇಲ್ಲ, ಸುಡೋಕೆ. ಹೆಬ್ಬೆಟ್ಟು ಒತ್ತು ಅಂದ್ರು, ಒತ್ತಿದೆ. ಬದುಕ್ಬೇಕಾದ್ರೆ ಮೊದ್ಲು ಸತ್ತಂಗೆ ನಡೀರಿ ಅಂದ್ರೆ, ನಾನು ಒಲ್ಲೆ," ಎಂದು ಕೂತ.

ನಾನು ಅವನೊಂದಿಗೆ ಜಗಳ ಆಡಲಿಲ್ಲ. ನನಗೂ ಹಾಗೇ ಅನಿಸಿತು. ನಿನ್ನ ಎಡಗೈಯ ನಿಯಮ ಬರೆದವನು ಯಾರು? ಒಂದು ದಿನವಾದರೂ ಕೂಸನ್ನು ಎತ್ತಿಕೊಂಡಿದ್ದನೇ ಅವನು? ಯಾವ ಕಡೆ ಎತ್ತಿಕೊಂಡಿದ್ದ?

ಆದರೆ ಮೂರು ದಿನದಿಂದ ಊಟ ಅರ್ಧಕ್ಕೇ ಬಿಟ್ಟು ಏಳುತ್ತೇನೆ. ದೋಣಿಯ ಮೋಟಾರು ಸದ್ದಾದರೂ ಮೇಲೆ ನೋಡುತ್ತೇನೆ. ಲೆಯೊನಿಲಾಳ ಹೊಟ್ಟೆ ಮುಟ್ಟಿದಾಗ ಕೂಸು ಒದೆಯಿತು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ನಲವತ್ತು ವರ್ಷದಲ್ಲಿ ಒಮ್ಮೆಯೂ ಹಾಗೆ ಮಾಡಿರಲಿಲ್ಲ.

ಡೊಮಿತಿಲಾ

—

ಬೊಗೊಟಾ
18 ಏಪ್ರಿಲ್

ಅಕ್ಕ,

ಹನ್ನೆರಡು ದಿನ ಉಳಿದಿದೆ. ಅದಕ್ಕೇ ನಿಜ ಬರೆಯುತ್ತೇನೆ.

ಅಮ್ಮನ ಒಂಬತ್ತನೇ ದಿನಕ್ಕೆ ರಜೆ ಸಿಗಲಿಲ್ಲ ಎಂದು ಬರೆದಿದ್ದೆ. ಸುಳ್ಳು. ನಾನು ತುಮಾಕೊವರೆಗೆ ಬಂದಿದ್ದೆ. ದೋಣಿ ಹತ್ತುವಲ್ಲಿ ಬೂಟಿನವರು ಕೈಯಲ್ಲೊಂದು ಪಟ್ಟಿ ಹಿಡಿದು ಹೆಸರು ಕೂಗುತ್ತಿದ್ದರು. ಎಲಿಯೆಸೆರ್ ಎಂದು ಕೂಗಿದರು. ಅದು ನಾನೋ ಇನ್ನೊಬ್ಬನೋ ಎಂದು ನಿಂತು ಕೇಳಲಿಲ್ಲ. ಮೀನು ಬುಟ್ಟಿಗಳ ಹಿಂದೆ ನುಸುಳಿ ಬಸ್ಸು ಹತ್ತಿದೆ. ಆ ಇನ್ನೊಬ್ಬ ಏನಾದ ಎಂದು ಇವತ್ತಿಗೂ ಗೊತ್ತಿಲ್ಲ.

ನಿನ್ನ ಸುತ್ತು ಬಾಕಿ ಎಂದು ಬರೆದೆಯಲ್ಲ. ನಾಲ್ಕು ವರ್ಷದಿಂದ ನನ್ನ ಬಲಗೈ ಅದನ್ನೇ ಹೇಳುತ್ತಿದೆ. ಅದನ್ನು ತೀರಿಸುವ ದಾರಿ ಇದ್ದರೆ ಹೇಳು, ಏನು ಬೇಕಾದರೂ ಮಾಡುತ್ತೇನೆ. ಊರು ಮಾತ್ರ ಕೆಂಪಿನಲ್ಲಿ ಉಳಿಯದಿರಲಿ.

ಎಲಿ

—

ಎಲ್ ರೆಮಾನ್ಸೊ
27 ಏಪ್ರಿಲ್

ಎಲಿ, ನನ್ನ ತಮ್ಮ,

ನಡೆದೆವು. ಹಾಳೆ ನಿನ್ನೆ ಸಿಸ್ಟರ್ ಅಮಾಲಿಯಾ ಕೈಯಲ್ಲಿ ಹೋಯಿತು. ಬೊಗೊಟಾದಲ್ಲಿ ಅವರಿಗೆ ಸಭೆ ಇದೆ, ವಿಮಾನದಲ್ಲಿ ಹೋಗುತ್ತಾರೆ. ಈ ಕಾಗದ ದೋಣಿಯಲ್ಲಿ ಬರುತ್ತದೆ, ಹಾಳೆಯೇ ಮೊದಲು ಮುಟ್ಟುತ್ತದೆ.

ನಿನ್ನ ಕಾಗದವನ್ನು ಮಂಡಳಿಯ ಮುಂದೆ ಪೂರ್ತಿ ಓದಿದೆ, ಮೀನು ಬುಟ್ಟಿಯ ಮಾತನ್ನೂ ಬಿಡದೆ. ಯಾರೂ ನಗಲಿಲ್ಲ. ಆಮೇಲೆ ಹೇಳಿದೆ: ನಮ್ಮಮ್ಮ ಎಯುಫೆಮಿಯಾಳ ಒಂದು ಸುತ್ತು ಬಾಕಿ ಇದೆ, ಬರಬೇಕಾದ ಮಗ ಬರಲಾರ, ಅವನ ಬದಲು ನಾವು ಬರೋಣ. ಅದಕ್ಕೆ ಪೀಠ ಎಲ್ಲಿ ಎಂದು ಕೇಳಿದರು. ಐವತ್ತು ವರ್ಷ ಈ ಊರಿನ ಕೂಸುಗಳನ್ನೆಲ್ಲ ಕೈಯೊಡ್ಡಿ ಹಿಡಿದವಳಿಗೆ ಒಂದು ಮಣೆ ಸಾಕೇ, ಊರೇ ಅವಳ ಪೀಠ ಎಂದೆ. ಕಳಿಸಿಕೊಡುತ್ತಿರುವುದು ಅವಳನ್ನು, ಊರನ್ನಲ್ಲ.

ಸತ್ತವರ ಬಾಕಿಗೆ ಒಲ್ಲೆ ಎನ್ನುವುದು ನಮ್ಮಲ್ಲಿ ಇಲ್ಲ. ನಸಾರಿಯೊ ಅಜ್ಜ ಕೋಲು ಹುಡುಕಿಕೊಂಡ. "ನನ್ನ ಮಕ್ಳು ಏಳೂ ಅವಳ ಕೈಯೋರೇ. ಈ ಡೊಮಿತಿಲಾ ವಕೀಲಳಾಗ್ಬೇಕಿತ್ತು, ಸೂಲಗಿತ್ತಿ ಆಗಿ ನಮ್ಮ ಪ್ರಾಣ ತಿಂತಾಳೆ," ಎಂದು ಎಲ್ಲರಿಗೂ ಕೇಳುವ ಹಾಗೆ ಬೈದು ಮುಂದೆ ಹೊರಟ. ಬೆಳಿಗ್ಗೆ ಎಂಟಕ್ಕೆ ಹೊರಟವರು ಮಧ್ಯಾಹ್ನಕ್ಕೆ ಮುಗಿಸಿದೆವು. ಹೆಂಗಸರು ಅಮ್ಮನಿಗೆ ಹಾಡಿದ್ದ ಪದಗಳನ್ನೇ ಹಾಡಿದರು. ಬೂಟಿನವರು ಕಂಡರು. ಸಾವಿನ ಹಾಡು ಕೇಳಿ ಟೊಪ್ಪಿ ತೆಗೆದು ದಾರಿ ಬಿಟ್ಟರು.

ಯಾವ ಕಟ್ಟಳೆಯನ್ನೂ ಮೀರಲಿಲ್ಲ. ಬಸುರಿಯ ಮನೆಯ ಹತ್ತಿರ ಈ ಸುತ್ತು ಸುಳಿಯಬಾರದಲ್ಲ. ದೋಣಿಕಟ್ಟೆಯ ಆಚೆ ಸಣ್ಣ ತೊರೆ ಬಂದಾಗ ಎಲ್ಲರೂ ಹಾಡು ನಿಲ್ಲಿಸಿ, ತೊರೆ ದಾಟದೆ, ಈಚೆ ದಡದಲ್ಲೇ ನೇರ ನಡೆದುಬಿಟ್ಟೆವು. ಲೆಯೊನಿಲಾಳ ಮೇಲೆ ನಮ್ಮ ನೆರಳೂ ಬೀಳಲಿಲ್ಲ. ಕೂಸಿಗೆ ಏನೂ ತಾಗದು.

ನಿನ್ನ ಸುತ್ತು ಮುಗಿಯಿತು. ಇವತ್ತು ಹೊಟ್ಟೆ ತುಂಬ ಉಂಡೆ.

ನಿನ್ನ ಅಕ್ಕ

—

ಬೊಗೊಟಾ
30 ಏಪ್ರಿಲ್

ಅಕ್ಕ,

ಬಿಳಿ.

ಸಿಸ್ಟರ್ ತಾವೇ ಕಚೇರಿಗೆ ಬಂದು ಹಾಳೆ ಕೊಟ್ಟರು. ಅಂಕಿ ತುಂಬಿ ಪರದೆ ತೆರೆದೆ. ಕೆಂಪಿನ ನಡುವೆ ಉಗುರಿನಷ್ಟು ಬಿಳಿ. ನಾನು ಹುಟ್ಟಿದ ಜಾಗ ಅಷ್ಟೇ ಇತ್ತು. ಕಣ್ಣು ಮಂಜಾಗಿ ಬೇರೇನೂ ಕಾಣಲಿಲ್ಲ. ಬರ್ಮೂದೆಸ್ ಹಾಳೆಗೂ ಕಡತಕ್ಕೂ ತಾಳೆ ನೋಡಿ, ಸರಿ ಇದೆ ಎಂದು ಸಹಿ ಹಾಕಿದ. ಸಂಜೆ ನಾಲ್ಕಕ್ಕೆ ಕಡತಕ್ಕೆ ಮುದ್ರೆ ಬಿತ್ತು. ಇನ್ನು ಅದನ್ನು ಯಾರೂ ತೆರೆಯುವಂತಿಲ್ಲ.

ಇವತ್ತು ನಿದ್ದೆ ಮಾಡುತ್ತೇನೆ.

ಎಲಿ

—

ಬೊಗೊಟಾ
8 ಮೇ

ಅಕ್ಕ,

ನಿನ್ನ ಇಪ್ಪತ್ತೇಳರ ಕಾಗದ ಇವತ್ತು ಕೈಗೆ ಬಂತು. ತೊರೆ ದಾಟದೆ ಎಂಬಲ್ಲಿಗೆ ಬಂದಾಗ ಎರಡೂ ಹಾಳೆ ತೆಗೆದು ಚುಕ್ಕಿ ಎಣಿಸಿದೆ.

ಮೊದಲ ಹಾಳೆಯಲ್ಲಿ ನಲವತ್ತೊಂದು. ಎರಡನೆಯದರಲ್ಲಿ ಮೂವತ್ತೊಂಬತ್ತು. ಆ ಎಣಿಕೆಯನ್ನು ಕಡತದ ಮೊದಲ ಸಾಲಿನಲ್ಲಿ ನಾನೇ ಬರೆದೆ. ಬಿಳಿ ಕಂಡ ಖುಷಿಯಲ್ಲಿ ಒಂದು ಸಲವೂ ಯೋಚಿಸಲಿಲ್ಲ. ಹಾಳೆಯಲ್ಲೂ ಮೂವತ್ತೊಂಬತ್ತು, ಕಡತದಲ್ಲೂ ಮೂವತ್ತೊಂಬತ್ತು, ತಾಳೆ ಸರಿಯಾಯಿತು. ಬಿಟ್ಟುಹೋದ ಎರಡು ಚುಕ್ಕಿ ಆ ಚೊಂಟದೂರೊ ಮರಗಳು. ಈಗ ಗೆರೆ ತೊರೆಯ ಈಚೆಗೇ ನೇರ ಹೋಗಿದೆ. ಲೆಯೊನಿಲಾಳ ಮನೆ ಕೆಂಪಿನಲ್ಲಿದೆ. ನೀವು ಅವಳನ್ನು ಸಾವಿನಿಂದ ದೂರ ಇಟ್ಟಿರಿ. ಯಂತ್ರಕ್ಕೆ ಅದರ ಅರ್ಥ, ಅವಳು ನಿಮ್ಮವಳಲ್ಲ.

ಬರ್ಮೂದೆಸ್ ಹತ್ತಿರ ಓಡಿದೆ. ಮುದ್ರೆ ಒಡೆಯಿರಿ ಎಂದು ಕೈ ಹಿಡಿದುಕೊಂಡೆ. ಅವನು ಪರದೆ ತೋರಿಸಿದ. "ನೋಡಯ್ಯಾ, ಎಲ್ಲಿದೆ ಹೇಳು? ಒಂದು ಮನೆ ಇದ್ರ ಮೇಲೆ ಒಂದು ಚುಕ್ಕಿ ಕೂಡ ಅಲ್ಲ." ನನ್ನ ಹೆಗಲು ತಟ್ಟಿ ಕಾಫಿ ತರಲು ಹೋದ.

ವಿಮಾನ ಹನ್ನೆರಡರ ಬೆಳಿಗ್ಗೆ. ಈ ಕಾಗದ ಅಷ್ಟರೊಳಗೆ ಬರುವುದಿಲ್ಲ. ಈಗ ಕೆಳಗಿಳಿದು ಬೀದಿಯ ಫೋನಿನಿಂದ ತುಮಾಕೊ ಚರ್ಚಿಗೆ ಮಾಡುತ್ತೇನೆ. ಯಾವ ಕಿವಿ ಬೇಕಾದರೂ ಕೇಳಿಕೊಳ್ಳಲಿ. ನನ್ನ ಹೆಸರು ಹೇಳಿಯೇ ಮಾತಾಡುತ್ತೇನೆ. ಮೀನು ಬುಟ್ಟಿ ಇಲ್ಲಿಲ್ಲ.

ಎಲಿಯೆಸೆರ್

—

ಎಲ್ ರೆಮಾನ್ಸೊ
19 ಮೇ

ಎಲಿ,

ಹನ್ನೊಂದರ ಮಧ್ಯಾಹ್ನ ಸಿಸ್ಟರ್ ದೋಣಿಯಲ್ಲಿ ಬಂದರು. ಕೆಳಗಿಳಿಯುವ ಮೊದಲೇ ಕೂಗಿದರು, ಲೆಯೊನಿಲಾಳನ್ನ ತೊರೆ ಈಚೆಗೆ ತನ್ನಿ ಎಂದು. ನಾನು ಒಂದು ಗಳಿಗೆ ಬೆಪ್ಪಾಗಿ ನಿಂತೆ. ಆಮೇಲೆ ಅರ್ಥವಾಯಿತು. ಕಟ್ಟಳೆ ಮೀರಲಿಲ್ಲ ಎಂದು ಎದೆಯುಬ್ಬಿಸಿ ಬರೆದಿದ್ದೆನಲ್ಲ.

ಅವಳು ಬರಲು ಒಪ್ಪಲಿಲ್ಲ. ಕೋಳಿಗಳಿವೆ, ಬಾಳೆ ಗೊನೆ ಬಿಟ್ಟಿದೆ, ಎಲ್ಲ ಬಿಟ್ಟು ಹೇಗೆ ಬರಲಿ ಎಂದು ಬಾಗಿಲ ಕಂಬ ಹಿಡಿದುಕೊಂಡಳು. ನಾಲ್ಕು ಜನ ಕುರ್ಚಿಯ ಸಮೇತ ಎತ್ತಿ ತೊರೆ ದಾಟಿಸಿದರು. ನೀರಿನ ನಡುವೆಯೇ ಅವಳಿಗೆ ನೋವು ಶುರುವಾಯಿತು.

ಹನ್ನೆರಡರಂದು ಬೆಳಿಗ್ಗೆ ಏಳಕ್ಕೆ ವಿಮಾನ ಬಂದವು. ಮೂರು. ಬಾಗಿಲು ಕಿಟಕಿಗೆ ಒದ್ದೆ ಬಟ್ಟೆ ತುರುಕಿ, ಅವಳ ಕಾಲ ಬಳಿ ಕೂತಿದ್ದೆ. ಅವುಗಳಲ್ಲಿ ಒಂದು ಕಿಟಕಿಯ ಬಟ್ಟೆಯ ಸಂದಿನಿಂದ ಕಂಡಿತು. ಬಿಳಿ ಮಂಜು ಇಳಿಸುತ್ತ ಬಂತು, ತೊರೆಯ ಹತ್ತಿರ ಚಾಕುವಿನಿಂದ ಕೊಯ್ದ ಹಾಗೆ ನಿಂತಿತು, ಊರು ದಾಟಿದ ಮೇಲೆ ಮತ್ತೆ ಶುರುವಾಯಿತು. ನಿನ್ನ ಗೆರೆಯನ್ನು ನಾನು ಕಣ್ಣಾರೆ ಕಂಡೆ. ಈಗ ಎಲ್ಲರಿಗೂ ಕಾಣುತ್ತದೆ. ತೊರೆಯ ಈಚೆ ಹಸಿರು. ಆಚೆ ಎಲ್ಲ ಕಪ್ಪು, ಬಾಳೆ, ಚೊಂಟದೂರೊ, ಕೋಳಿಗೂಡಿನ ಮೇಲಿನ ಬಳ್ಳಿ. ಕೋಳಿಗಳು ಸತ್ತಿವೆ.

ಗಾಳಿಗೆ ನಿನ್ನ ಚುಕ್ಕಿಗಳು ಗೊತ್ತಿಲ್ಲ. ವಾಸನೆ ಒಳಗೆ ಬಂತು. ನೀರಿಗೂ ಗೊತ್ತಿಲ್ಲ. ಆ ತೊರೆ ಅವಳ ಹಿತ್ತಲಿನಿಂದ ಹರಿದು ನಮ್ಮ ದೋಣಿಕಟ್ಟೆಗೇ ಬರುತ್ತದೆ. ಮಳೆನೀರು ಹಿಡಿದು ಕುಡಿಯುತ್ತಿದ್ದೇವೆ. ಅದೂ ಆ ಆಕಾಶದಿಂದಲೇ ಬಿದ್ದದ್ದು.

ಕೂಸು ಅದೇ ದಿನ ಹತ್ತು ಗಂಟೆಗೆ ಬಂತು. ಹೆಣ್ಣು. ಈ ಸಲ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಅತ್ತಿತು, ಹಾಲು ಕುಡಿಯುತ್ತಿದೆ. ದಿನಾ ಬೆಳಿಗ್ಗೆ ಬಟ್ಟೆ ಬಿಚ್ಚಿ ಮೈಯೆಲ್ಲ ನೋಡುತ್ತೇನೆ. ಬಿಚ್ಚುವಾಗ ಉಸಿರು ಹಿಡಿದುಕೊಂಡಿರುತ್ತೇನೆ. ಇವತ್ತಿನವರೆಗೆ ಏನೂ ಕಂಡಿಲ್ಲ.

ನಿನ್ನೆ ನಸಾರಿಯೊ ಅಜ್ಜನೂ ನಾನೂ ಯಂತ್ರ ಹಿಡಿದು ತೊರೆ ದಾಟಿದೆವು. ಸತ್ತ ಎಲೆಗಳನ್ನು ತುಳಿಯುತ್ತ ಹೋಗಿ ಆ ಎರಡು ಚುಕ್ಕಿ ಹಿಡಿದು ತಂದೆವು. ಹಾಳೆಯಲ್ಲಿವೆ. ಮುಂದಿನ ಸಲದ ಕಡತಕ್ಕೆ ಸೇರಿಸು. ಮುಂದಿನ ಸಲ ಎಂದು ಬರೆಯಲು ಮನಸ್ಸಿರಲಿಲ್ಲ, ಆದರೂ ಬರೆದೆ. ಯಾವ ಕಡೆಯಿಂದ ನಡೆದೆವು ಎಂದು ಬರೆದಿಲ್ಲ. ಸುಟ್ಟ ಜಾಗಕ್ಕೆ ಎಡ ಬಲ ಇಲ್ಲ.

ಹನ್ನೆರಡು ಹೆಬ್ಬೆಟ್ಟು ಒತ್ತಿಸಿಲ್ಲ. ಒಂದೇ ಇದೆ. ಒಲೆಯ ಮಸಿ ಹಚ್ಚಿ ಒತ್ತಿಸಿದ್ದು, ಆ ಮನೆಯವಳದೇ, ಏಳು ದಿನದವಳದು. ಅದನ್ನು ನಿನ್ನ ಇಂಜಿನಿಯರಿಗೆ ತೋರಿಸು. ಮನೆ ಎಲ್ಲಿದೆ, ಒಂದು ಚುಕ್ಕಿ ಕೂಡ ಅಲ್ಲ ಎಂದು ಅವನು ಕೇಳಿದ್ದನಲ್ಲ. ಸರಿಯಾಗಿ ಒಂದು ಚುಕ್ಕಿಯಷ್ಟೇ ಇದೆ.

ನಿನ್ನ ಅಕ್ಕ
ಡೊಮಿತಿಲಾ